ಬುಂಗೊಪ್ಪಾಂಗ್ ಯಾರದು? ಜಪಾನಿನಿಂದ ಕೊರಿಯಾದ ಬೀದಿಗೆ ಬಂದ ತಿನಿಸುಗಳ ಮೂಲದ ಬಗ್ಗೆ ಒಂದು ಚರ್ಚೆ

ಊಲ್ಸಾನ್ ವಾಸಿ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊರಿಯಾದ ಊಲ್ಸಾನ್ ನಗರದಲ್ಲಿ ನಾವು ನೆಲೆಸಿ ಆರು ವರ್ಷಗಳಾದವು. ನಮ್ಮ ವಸತಿ ಸಮುಚ್ಚಯದ ಪುಟ್ಟ ಗ್ರಂಥಾಲಯದಲ್ಲಿ ಚಳಿಗಾಲದ ಒಂದು ಶನಿವಾರ ಎಲ್ಲ ಮನೆಯವರೂ ಸೇರಿ ತಿನಿಸುಗಳ ಮೇಜು ಹಾಕುವ ರೂಢಿಯಿದೆ. ಪ್ರತಿ ತಿನಿಸಿನ ಮುಂದೆ ಅದರ ಹುಟ್ಟು, ಬೆಳವಣಿಗೆ ಹೇಳುವ ನಾಲ್ಕು ಸಾಲಿನ ಚೀಟಿಯನ್ನು ಇಡುತ್ತೇವೆ. ಈ ಸಲ ಆ ಚೀಟಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬುಂಗೊಪ್ಪಾಂಗ್ ಎಂಬ ಮೀನಿನಾಕಾರದ ಸಿಹಿ ತಿನಿಸಿನ ಚೀಟಿಯ ಬಳಿ ನಾನು ಸಿಕ್ಕಿಕೊಂಡಿದ್ದೇನೆ.

ನಡೆದದ್ದು ಇಷ್ಟು. ಮದುವೆಯಾಗಿ ಇಲ್ಲಿಗೆ ಬಂದಿರುವ, ಜಪಾನಿನ ಫುಕುವೊಕಾದ ನೆರೆಮನೆಯವರು ಚೀಟಿಯಲ್ಲಿ "ಜಪಾನಿನ ತಾಯಾಕಿಯ ಕೊರಿಯನ್ ರೂಪ" ಎಂದು ಬರೆದರೆ ಸಾಕೆಂದರು. ನಿವೃತ್ತ ಶಾಲಾ ಶಿಕ್ಷಕಿಯಾದ ಕೊರಿಯಾದ ಹಿರಿಯರೊಬ್ಬರು, ಆ ಸಾಲು ಇರುವ ಮೇಜಿನ ಹಿಂದೆ ತಾನು ನಿಲ್ಲುವುದಿಲ್ಲ ಎಂದರು. ಇಬ್ಬರೂ ದನಿ ಎತ್ತಲಿಲ್ಲ. ಇಬ್ಬರೂ ನನ್ನ ಮಕ್ಕಳನ್ನು ಎತ್ತಿ ಆಡಿಸಿದವರು, ಹಾಗಾಗಿ ನನಗೆ ಇದು ಬರಿಯ ಚೀಟಿಯ ಮಾತಾಗಿ ಉಳಿದಿಲ್ಲ.

ಈ ತಿನಿಸನ್ನು ಕಂಡಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲಿ, ನವೆಂಬರ್ ಬಂತೆಂದರೆ, ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಒಂದು ಗಾಡಿ ಬಂದು ನಿಲ್ಲುತ್ತದೆ. ಎರಡು ಹೋಳಿನ ಕಬ್ಬಿಣದ ಅಚ್ಚುಗಳು ಗ್ಯಾಸ್ ಉರಿಯ ಮೇಲೆ ಸಾಲಾಗಿರುತ್ತವೆ. ಗಾಡಿಯಮ್ಮ ಉದ್ದ ಕೊಕ್ಕಿನ ಕೆಟಲ್‌ನಿಂದ ತೆಳ್ಳಗಿನ ಗೋಧಿ ಹಿಟ್ಟನ್ನು ಅಚ್ಚಿಗೆ ಸುರಿದು, ಕೆಂಪು ಅವರೆಯಂತಹ ಪಾತ್ ಕಾಳಿನ ಸಿಹಿ ಹೂರಣವನ್ನು ಚಪ್ಪಟೆ ಸಟ್ಟುಗದಿಂದ ನಡುವೆ ಜಾರಿಸಿ, ಮೇಲೆ ಮತ್ತೊಂದು ಸುತ್ತು ಹಿಟ್ಟು ಹೊಯ್ದು ಮುಚ್ಚಳ ಹಾಕುತ್ತಾರೆ. ಕೊಕ್ಕೆಯಿಂದ ಅಚ್ಚನ್ನು ತಿರುವಿ ಹಾಕಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ರಸ್ತೆಯ ಆಚೆಗೂ ಕೇಳುತ್ತದೆ. ಅಂಚಿನಲ್ಲಿ ಉಕ್ಕಿ ಗರಿಗರಿಯಾದ ತೆಳು ಪದರವನ್ನು ಕೆಲವರು ಕತ್ತರಿಸಿ ತೆಗೆಯುತ್ತಾರೆ, ನಮ್ಮ ಗಾಡಿಯಮ್ಮ ಮಕ್ಕಳಿಗಾಗಿ ಹಾಗೇ ಬಿಡುತ್ತಾರೆ. ಕಾಗದದ ಪೊಟ್ಟಣದಲ್ಲಿ ಮೂರು ಮೀನುಗಳಿಗೆ ಎರಡು ಸಾವಿರ ವೊನ್.

ನನಗೆ ತಿಳಿದ ಮಟ್ಟಿಗೆ ಇದರ ವಂಶಾವಳಿ ಸ್ಪಷ್ಟವಾಗಿಯೇ ಇದೆ. ಎದೊ, ಅಂದರೆ ಇಂದಿನ ಟೋಕಿಯೊದ ಕಾಂಡಾ ಪ್ರದೇಶದ ಇಮಾಗಾವಾ ಸೇತುವೆಯ ಬಳಿ 1770ರ ದಶಕದ ಆಸುಪಾಸಿನಲ್ಲಿ ಮಾರುತ್ತಿದ್ದ ದುಂಡನೆಯ ಹೂರಣದ ತಿನಿಸೇ ಇಮಾಗಾವಾಯಾಕಿ. ಅದೇ ಹಿಟ್ಟು, ಅದೇ ಹೂರಣವನ್ನು ಮೀನಿನ ಅಚ್ಚಿಗೆ ಹೊಯ್ದದ್ದು ತಾಯಾಕಿ. 1909ರಲ್ಲಿ ಆರಂಭವಾದ ಟೋಕಿಯೊದ ನಾನಿವಾಯಾ ಸೋಹೊಂತೆನ್ ಅಂಗಡಿಗೆ ಅದರ ಹುಟ್ಟಿನ ಹೆಸರಿದೆ. ಅದು 1930ರ ದಶಕದಲ್ಲಿ, ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾಕ್ಕೆ ಬಂದಿತು. ಇಷ್ಟನ್ನು ಬರೆದರೆ ಶಿಕ್ಷಕಿಗೆ ನೋವು, ಬರೆಯದಿದ್ದರೆ ಅಸತ್ಯ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಬಯಲುಸೀಮೆ

ನದಿಮೂಲ, ಋಷಿಮೂಲ ಹುಡುಕಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಸಂದರ್ಭಕ್ಕೇ. ತಿನಿಸು ಬಿಸಿಯಾಗಿದ್ದರೆ, ರುಚಿಯಾಗಿದ್ದರೆ ಸಾಕು. ಮೂಲದ ಸಾಲನ್ನೇ ಬಿಟ್ಟು, ಹಿಟ್ಟು, ಹೂರಣ, ಸಕ್ಕರೆ ಎಂದು ಸಾಮಗ್ರಿಯನ್ನಷ್ಟೇ ಬರೆಯಿರಿ. ಇಬ್ಬರಿಗೂ ಸಮಾಧಾನವಾಗುತ್ತದೆ.

ಊಲ್ಸಾನ್ ವಾಸಿ

ಬಯಲುಸೀಮೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಮೂಲವನ್ನು ಕೇಳುತ್ತಿರುವುದು ಹೊರಗಿನವರಲ್ಲ, ತಿನಿಸನ್ನು ಮಾಡುವ ಆ ಇಬ್ಬರೇ. ಚೀಟಿಯಲ್ಲಿ ಬರೆಯದೆ ಬಿಟ್ಟ ಮಾತು ಅವರಿಬ್ಬರ ನಡುವೆ ಹಾಗೇ ಉಳಿಯುತ್ತದೆ.

ಒಸಾಕಾ ಕನ್ನಡಿಗ

ನಾನು ಜಪಾನಿನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಊಲ್ಸಾನ್ ಮೇಡಂ ಬರೆದ ವಂಶಾವಳಿಗೆ ಈ ಕಡೆಯ ಕೆಲವು ವಿವರ ಸೇರಿಸುತ್ತೇನೆ. ತಾಯಾಕಿಯ 'ತಾಯಿ' ಎಂದರೆ ಸೀ ಬ್ರೀಮ್ ಎಂಬ ಕಡಲ ಮೀನು. ಮಂಗಳಕರ ಎಂಬರ್ಥದ 'ಮೆದೆತಾಯಿ' ಪದದೊಂದಿಗೆ ಅದರ ಹೆಸರು ಪ್ರಾಸವಾಗುವುದರಿಂದ ಮದುವೆ, ಹಬ್ಬಗಳಲ್ಲಿ ಆ ಮೀನಿಗೆ ಮೊದಲ ಸ್ಥಾನ. ಬೆಲೆ ಹೆಚ್ಚು, ದಿನವೂ ಎಲ್ಲರ ತಟ್ಟೆಗೆ ಬರುವಂಥದಲ್ಲ. ಹಾಗಾಗಿ ಅದರ ಆಕಾರದ ಅಗ್ಗದ ಸಿಹಿಗೆ ಜನ ಒಲಿದರು. ಕೊರಿಯಾದ ಬುಂಗೊ ಹಾಗಲ್ಲ, ಅದು ಕೆರೆ, ಹೊಳೆಗಳಲ್ಲಿ ಸಿಗುವ ಸಾಧಾರಣ ಕಾರ್ಪ್ ಜಾತಿಯ ಮೀನು. ಅಚ್ಚಿನ ಮೀನು ಹೆಚ್ಚುಕಡಿಮೆ ಅದೇ ಆಗಿದ್ದರೂ ಹೆಸರು ಕಡಲನ್ನು ಬಿಟ್ಟು ಹೊಳೆಗೆ ಇಳಿಯಿತು. ನನಗೆ ಈ ಹೆಸರಿನ ಬದಲಾವಣೆ ಬಹಳ ಮುಖ್ಯವೆನಿಸುತ್ತದೆ.

ಇಲ್ಲಿ ಒಂದೊಂದೇ ಮೀನಿಗೆ ಉದ್ದ ಹಿಡಿಕೆಯ ಬಿಡಿ ಅಚ್ಚನ್ನು ಬಳಸಿ ಸುಡುವ ಹಳೆಯ ಅಂಗಡಿಗಳಿವೆ. ಅಂತಹ ತಾಯಾಕಿಯನ್ನು ಪ್ರಿಯರು 'ಕಾಡಿನದು', ಅಂದರೆ ಸಹಜವಾಗಿ ಹಿಡಿದದ್ದು ಎನ್ನುತ್ತಾರೆ. ಒಂದೇ ತಗಡಿನಲ್ಲಿ ಹಲವು ಮೀನುಗಳನ್ನು ಬೇಯಿಸಿದ್ದನ್ನು 'ಸಾಕಿದ್ದು' ಎನ್ನುತ್ತಾರೆ. ಜಪಾನಿನ ಮೀನು ಸಾಮಾನ್ಯವಾಗಿ ದಪ್ಪ, ಮೆತ್ತಗೆ, ಹೂರಣ ಬಹಳ. ಕೊರಿಯಾದ ಬಂದರು ನಗರ ಬೂಸಾನಿಗೆ ಹೋದಾಗ ತಿಂದ ಬುಂಗೊಪ್ಪಾಂಗ್ ಚಿಕ್ಕದು, ತೆಳ್ಳಗೆ, ಬಾಲ ಮುರಿದರೆ ಸದ್ದಾಗುವಷ್ಟು ಗರಿಗರಿ. ಕಣ್ಣುಮುಚ್ಚಿ ತಿಂದರೂ ಎರಡನ್ನೂ ಬೇರೆ ಬೇರೆ ಎಂದು ಹೇಳಬಹುದು.

ಇನ್ನು ಇಮಾಗಾವಾಯಾಕಿಗೆ ಜಪಾನಿನಲ್ಲೇ ಒಮ್ಮತದ ಹೆಸರಿಲ್ಲ. ನಮ್ಮ ಕಡೆ, ಫುಕುವೊಕಾದ ಕಡೆ ಅದು ಕಾಯಿತೆನ್‌ಯಾಕಿ, ಬೇರೆಡೆ ಓಬಾನ್‌ಯಾಕಿ. ತಾಯಾಕಿಯ ತವರು ಟೋಕಿಯೊ, ಬುಂಗೊಪ್ಪಾಂಗ್ ಕೊರಿಯಾಕ್ಕೆ ಹೋದ ಮಗಳು. ಮಗಳು ಹೋದ ಮನೆಯ ಹೆಸರು ಹೊತ್ತರೂ ತವರನ್ನು ನೆನೆಯುವುದರಲ್ಲಿ ಅವಮಾನವೇನಿದೆ? ನೆರೆಮನೆಯವರ ಸಾಲು ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಇತಿಹಾಸಾಸಕ್ತೆ

ಒಸಾಕಾ ಕನ್ನಡಿಗರೇ, ವಿವರಗಳಿಗೆ ಕೃತಜ್ಞತೆಗಳು. ಆದರೆ ತವರು–ಮಗಳು ಎಂಬ ಹೋಲಿಕೆಯನ್ನು ದಯವಿಟ್ಟು ಮತ್ತೆ ಯೋಚಿಸಿ ನೋಡಿ. ತವರಿನಿಂದ ಹೆಣ್ಣು ಕೊಡುವಾಗ ಎರಡು ಮನೆಗಳ ಒಪ್ಪಿಗೆ ಇರುತ್ತದೆ, ಹೋಗಿಬರುವ ಬಂಧುತ್ವವಿರುತ್ತದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತಾಗಿತ್ತು. ಆ ಅವಧಿಯ ಕೊನೆಯ ವರ್ಷಗಳಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆಯನ್ನೇ ಹೊರಗಿಟ್ಟು, ಜನರು ತಮ್ಮ ಹೆಸರುಗಳನ್ನು ಜಪಾನಿ ರೀತಿಗೆ ಬದಲಿಸಿಕೊಳ್ಳುವಂತೆ ಒತ್ತಡ ಹೇರಲಾಯಿತು. ಕೊರಿಯಾದ ಅಕ್ಕಿ ಹಡಗು ಹಡಗಾಗಿ ಜಪಾನಿಗೆ ಹೋಗುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ ಬಂದ ಸಿಹಿಯನ್ನು 'ಜಪಾನಿನ ರೂಪಾಂತರ' ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರೆ ವಾಕ್ಯ ತಪ್ಪಲ್ಲದಿದ್ದರೂ ಅದರಲ್ಲಿ ಅರ್ಧ ಕಥೆ ಬಿಟ್ಟುಹೋಗುತ್ತದೆ. ಆ ಶಿಕ್ಷಕಿಯ ತಾಯಿ ಅಥವಾ ಅಜ್ಜಿ ಬಹುಶಃ ಆ ಶಾಲೆಗಳಲ್ಲೇ ಓದಿದವರು.

ಇದು ಕೊರಿಯಾದಲ್ಲಿ ಮಾತ್ರ ಆದದ್ದೂ ಅಲ್ಲ. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಇಮಾಗಾವಾಯಾಕಿ ಇಂದಿಗೂ ಬೀದಿಯಲ್ಲಿ ಸಿಗುತ್ತದೆ. ಅಲ್ಲಿ ಅದಕ್ಕೆ ಗಾಲಿಯ ರೊಟ್ಟಿ ಎಂಬರ್ಥದ ಹೆಸರು. ಸಾರಿನಲ್ಲಿ ಬೇಯಿಸುವ ಜಪಾನಿನ ತಿನಿಸಾದ ಒದೆನ್ ಕೂಡ, ಕೊರಿಯಾದಲ್ಲಿರುವಂತೆ, ಅಲ್ಲಿ ಬೇರೊಂದು ಉಚ್ಚಾರ ಪಡೆದು ಉಳಿದಿದೆ. ಒಂದೇ ಸಾಮ್ರಾಜ್ಯದ ಎರಡು ವಸಾಹತುಗಳಲ್ಲಿ ಒಂದೇ ಜೋಡಿ ತಿನಿಸುಗಳು ಬೇರೂರಿರುವುದು, ಅವು ಹೋದ ದಾರಿ ಯಾವುದೆಂಬುದನ್ನು ಚೆನ್ನಾಗಿ ತೋರಿಸುತ್ತದೆ.

ಆದರೆ ಬಂದದ್ದಷ್ಟೇ ಕಥೆಯಲ್ಲ, ಉಳಿದದ್ದೂ ಕಥೆಯೇ. ಕೊರಿಯಾ ಯುದ್ಧ 1950ರಿಂದ 1953ರವರೆಗೆ ನಡೆಯಿತು. ಆಮೇಲೆ ಅಮೆರಿಕದ ನೆರವಿನ ಗೋಧಿ ಹಿಟ್ಟು ದೊಡ್ಡ ಪ್ರಮಾಣದಲ್ಲಿ ಬಂತು. 1960 ಮತ್ತು 70ರ ದಶಕಗಳಲ್ಲಿ ಅಕ್ಕಿಯನ್ನು ಉಳಿಸಲು ಸರ್ಕಾರವೇ ಗೋಧಿ ಹಿಟ್ಟಿನ ಆಹಾರವನ್ನೂ ಬೆರಕೆ ಧಾನ್ಯದ ಅನ್ನವನ್ನೂ ತಿನ್ನಿರೆಂದು ಜನರ ಮೇಲೆ ಒತ್ತಾಯ ತಂದಿತು. ಅಗ್ಗದ ಹಿಟ್ಟು, ಒಂದು ಅಚ್ಚು, ಒಂದು ಒಲೆ ಇದ್ದರೆ ಊರು ಬಿಟ್ಟು ಬಂದ ಕುಟುಂಬವೂ ಚಳಿಗಾಲವನ್ನು ದಾಟಬಹುದಾಗಿತ್ತು. ಬುಂಗೊಪ್ಪಾಂಗ್ ಕೊರಿಯಾದ ತಿನಿಸಾದದ್ದು ಈ ಹಸಿವಿನ ವರ್ಷಗಳಲ್ಲಿ, ಈ ಗಾಡಿಗಳ ಹಿಂದೆ ನಿಂತ ಕೈಗಳಿಂದ. ಚೀಟಿಯಲ್ಲಿ ಈ ಮಾತು ಇರಬೇಕು.

ಒಸಾಕಾ ಕನ್ನಡಿಗ

ಇತಿಹಾಸಾಸಕ್ತೆಯವರೇ, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ತವರಿನ ಹೋಲಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಇಮಾಗಾವಾ ಸೇತುವೆಯ ಹೆಸರನ್ನು ಮಾತ್ರ ಚೀಟಿಯಿಂದ ಬಿಡಬೇಡಿ ಎಂದು ಕೋರುತ್ತೇನೆ. ಅಲ್ಲಿ ಹಿಟ್ಟು ಹೊಯ್ದವರೂ ಬೀದಿ ಬದಿಯ ವ್ಯಾಪಾರಿಗಳೇ, ಅವರು ಯಾವ ದೇಶವನ್ನೂ ಆಳಿದವರಲ್ಲ.

ನುಡಿಬೇರು

ಈ ಚರ್ಚೆಗೆ ಪದಗಳ ಕಡೆಯಿಂದ ಸ್ವಲ್ಪ ಸೇರಿಸಬಯಸುತ್ತೇನೆ, ಏಕೆಂದರೆ ಕೊರಿಯಾದಲ್ಲಿ ಈ ಜಗಳ ಬಹಳ ಕಾಲದಿಂದ ನಿಘಂಟಿನಲ್ಲೇ ನಡೆಯುತ್ತಿದೆ. ಬೀದಿ ಗಾಡಿಯಲ್ಲಿ ಬಿದಿರುಕಡ್ಡಿಗೆ ಸಿಕ್ಕಿಸಿ ಬಿಸಿ ಸಾರಿನಲ್ಲಿ ಮುಳುಗಿಸಿಡುವ ಮೀನಿನ ಹಾಳೆಯನ್ನು ಜನ 'ಒದೆಂಗ್' ಎನ್ನುತ್ತಾರೆ. ಅದು ಜಪಾನಿನ 'ಒದೆನ್' ಪದ. ಅಲ್ಲಿನ ರಾಷ್ಟ್ರೀಯ ಭಾಷಾ ಸಂಸ್ಥೆ ಅದರ ಬದಲು 'ಒಮುಕ್' ಎಂಬ ಪದವನ್ನು ಶಿಫಾರಸು ಮಾಡಿದೆ. 'ಒ' ಎಂದರೆ ಮೀನು, 'ಮುಕ್' ಎಂದರೆ ಪಿಷ್ಟವನ್ನು ಕಾಯಿಸಿ ಹೆಪ್ಪುಗಟ್ಟಿಸಿದ ಹಾಲುಬಾಯಿಯಂತಹ ಪದಾರ್ಥ. ಹಳದಿ ಮೂಲಂಗಿ ಉಪ್ಪಿನಕಾಯಿಗೆ ಜಪಾನಿನ 'ತಾಕುವಾನ್' ಹೋಗಿ 'ದಾನ್‌ಮುಜಿ' ಬಂದದ್ದು ಹೀಗೇ, ಮತ್ತು ಆ ಬದಲಾವಣೆ ಚೆನ್ನಾಗಿ ನೆಲೆಗೊಂಡಿತು. ಖಾರದ ನೂಡಲ್ ಸಾರಾದ 'ಜಂಪೊಂಗ್'ಗೆ ಸೂಚಿಸಿದ 'ಚೊಮಾಮ್ಯೊನ್' ಎಂಬ ಹೆಸರನ್ನು ಮಾತ್ರ ಜನ ಬಳಸಲೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಜಪಾನಿನಲ್ಲಿ ಒದೆನ್ ಎಂದರೆ ಮೂಲಂಗಿ, ಮೊಟ್ಟೆ, ಕೊನ್ಯಾಕು ಎಂಬ ಗೆಡ್ಡೆಯ ಹಿಟ್ಟಿನ ತುಂಡು, ಹಲವು ಬಗೆಯ ಮೀನಿನ ತುಂಡುಗಳೆಲ್ಲ ಒಂದೇ ಪಾತ್ರೆಯಲ್ಲಿ ನಿಧಾನವಾಗಿ ಬೇಯುವ ಅಡುಗೆ. ಕೊರಿಯಾದಲ್ಲಿ ಆ ಪದ ಮೀನಿನ ಹಾಳೆಗೇ ಅಂಟಿಕೊಂಡಿತು. ಅಂದರೆ ಒದೆಂಗ್ ಮತ್ತು ಒಮುಕ್ ಸಮಾನಾರ್ಥಕಗಳೆಂದು ಕೊರಿಯಾದವರಿಗೆ ತೋರಿದರೂ, ಒಂದು ಇಡೀ ಅಡುಗೆಯ ಹೆಸರು, ಇನ್ನೊಂದು ಅದರೊಳಗಿನ ಒಂದು ವಸ್ತುವಿನ ಹೆಸರು. ಸ್ವತಃ ಒದೆನ್ ಕೂಡ 'ದೆಂಗಾಕು' ಎಂಬ, ಕಡ್ಡಿಗೆ ಸಿಕ್ಕಿಸಿ ಮಿಸೊ ಎಂಬ ಹುಳಿಸಿದ ಸೋಯಾ ಮುದ್ದೆ ಸವರಿ ಸುಡುತ್ತಿದ್ದ ತೋಫುವಿನ ಹೆಸರಿನ ಮೊಟಕು ರೂಪ. ಸುಟ್ಟ ತಿನಿಸಿನ ಹೆಸರು ಬೇಯಿಸಿದ ತಿನಿಸಿಗೆ ಬಂದು, ಆಮೇಲೆ ಕಡಲು ದಾಟಿ ಅದರ ಒಂದು ತುಂಡಿಗೆ ನಿಂತಿದೆ.

ಬುಂಗೊಪ್ಪಾಂಗ್‌ನ ಕೊನೆಯ 'ಪ್ಪಾಂಗ್' ಎಂದರೆ ರೊಟ್ಟಿ. ಅದು ಜಪಾನಿನ 'ಪಾನ್'ನಿಂದ ಬಂತು, ಜಪಾನಿಗೆ ಅದು ಪೋರ್ಚುಗೀಸರಿಂದ ಬಂತು. ಕೊರಿಯನ್ನರು ಅಪ್ಪನನ್ನೇ ಹೋಲುವ ಮಗುವನ್ನು ಬುಂಗೊಪ್ಪಾಂಗ್ ಎಂದು ಕರೆಯುತ್ತಾರೆ, ನಾವು ಅಪ್ಪನ ಪಡಿಯಚ್ಚು ಎನ್ನುವಂತೆಯೇ. ಪದವೊಂದು ಅಡುಗೆಮನೆಯಿಂದ ಹೊರಟು ಮಗುವಿನ ಮುಖದವರೆಗೆ ಬಂದಮೇಲೆ ಅದನ್ನು ಪರಕೀಯ ಎನ್ನುವುದು ಕಷ್ಟ.

ಕಾರವಾರದ ಕಡಲು

ನುಡಿಬೇರು ಅವರ ಮಾತು ಓದಿ ಬಹಳ ಸಂತೋಷವಾಯಿತು. ನಮ್ಮೂರಲ್ಲಿ ಬೆಳಗ್ಗೆ ಬೇಕರಿಯಿಂದ ತರುವ ಪಾವ್ ಕೂಡ ಅದೇ ಪೋರ್ಚುಗೀಸ್ 'ಪಾಂವ್'. ಗೋವೆಯ ಮಾರ್ಗವಾಗಿ ನಮಗೆ ಬಂದ ಪದವೂ ನಾಗಸಾಕಿಯ ಮಾರ್ಗವಾಗಿ ಊಲ್ಸಾನಿನ ಗಾಡಿಗೆ ಹೋದ ಪದವೂ ಒಂದೇ ಬೇರಿನವು ಎಂದು ತಿಳಿದಿರಲಿಲ್ಲ. ಊಲ್ಸಾನ್ ಅಕ್ಕ, ಆ ಮೀನಿನ ಹಾಳೆಯ ಗಾಡಿಯ ಬಗ್ಗೆಯೂ ಹೇಳುವಿರಾ? ಹಾಳೆಯನ್ನು ಯಾವ ಮೀನಿನಿಂದ ಮಾಡುತ್ತಾರೆ, ಸಾರಿಗೆ ಏನು ಹಾಕುತ್ತಾರೆ? ಮೀನು ತಿನ್ನುವ ಮನೆಯವಳಾಗಿ ಕುತೂಹಲ.

ಊಲ್ಸಾನ್ ವಾಸಿ

ಸಂತೋಷದಿಂದ ಹೇಳುತ್ತೇನೆ, ತಂಗಿ. ಬಿಳಿ ಮಾಂಸದ ಮೀನನ್ನು ಅರೆದು, ಉಪ್ಪು, ಪಿಷ್ಟ ಅಥವಾ ಗೋಧಿ ಹಿಟ್ಟು ಸೇರಿಸಿ ಅಂಟು ಬರುವ ತನಕ ನಾದಿ, ಕೈಯಗಲದ ತೆಳು ಹಾಳೆಯಾಗಿ ಎಣ್ಣೆಯಲ್ಲಿ ಕರಿಯುತ್ತಾರೆ. ಆ ಹಾಳೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಬಿದಿರುಕಡ್ಡಿಗೆ ಪೋಣಿಸಿ, ಚೌಕದ ಸ್ಟೀಲ್ ತೊಟ್ಟಿಯ ಸಾರಿನಲ್ಲಿ ನಿಲ್ಲಿಸುತ್ತಾರೆ. ಸಾರಿಗೆ ದಪ್ಪ ಮೂಲಂಗಿ ಹೋಳು, ದಾಷಿಮಾ ಎಂಬ ಒಣಗಿದ ಕಡಲಪಾಚಿ, ಆಂಚೊವಿ ಎಂಬ ಸಣ್ಣ ಒಣಮೀನು. ಬೂಸಾನಿನ ಕಡೆ ಏಡಿಯನ್ನೂ ಹಾಕುವುದುಂಟು. ಜಪಾನಿನ ಒದೆನ್ ಸಾರಿನ ಜೀವಾಳ ಕತ್ಸುವೊಬುಷಿ, ಅಂದರೆ ಹೊಗೆಯಾಡಿಸಿ ಒಣಗಿಸಿ ಹೆರೆದ ಬೊನಿಟೊ ಮೀನು. ಇಲ್ಲಿ ಅದರ ಸ್ಥಾನದಲ್ಲಿ ಆಂಚೊವಿ ಕುಳಿತಿದೆ, ಸಾರಿನ ವಾಸನೆಯೇ ಬೇರೆ.

ಗಾಡಿಯ ಮುಂದೆ ನಿಂತೇ ತಿನ್ನಬೇಕು. ಸೋಯಾ ಸಾಸನ್ನು ಕುಂಚದಿಂದ ಸವರಿಕೊಳ್ಳಬೇಕು, ಕಾಗದದ ಲೋಟದಲ್ಲಿ ಸಾರನ್ನು ಎಷ್ಟು ಸಲ ಬೇಕಾದರೂ ಕೇಳದೆ ತೋಡಿಕೊಳ್ಳಬಹುದು, ಅದಕ್ಕೆ ದುಡ್ಡಿಲ್ಲ. ಕೊನೆಗೆ ಮುಂದೆ ಉಳಿದ ಖಾಲಿ ಕಡ್ಡಿಗಳನ್ನು ಎಣಿಸಿ ಲೆಕ್ಕ ಮಾಡುತ್ತಾರೆ. ನಾನು ಸಸ್ಯಾಹಾರಿ, ಆ ಸಾರನ್ನು ಕುಡಿಯಲಾರೆ. ಆದರೂ ಕೊರೆವ ಚಳಿಯಲ್ಲಿ ಆ ಹಬೆಯ ಪಕ್ಕ ನಿಂತು ನನ್ನ ಗಂಡ ತಿನ್ನುವುದನ್ನು ಕಾಯುವುದು ನನಗೆ ಇಷ್ಟ. ಇಲ್ಲಿಗೆ ಬರುವ ನಮ್ಮ ಕಡೆಯ ಸಸ್ಯಾಹಾರಿಗಳು ಗಮನಿಸಬೇಕು, ಅಕ್ಕಿ ಕಡುಬಿನ ಖಾರದ ತಿನಿಸಾದ ಕೆಂಪು ತೊಕ್‌ಬೊಕ್ಕಿಯಲ್ಲೂ ಬಹಳಷ್ಟು ಕಡೆ ಇದೇ ಮೀನಿನ ಸಾರು ಇರುತ್ತದೆ.

ಬೂಸಾನಿನಲ್ಲಿ ಈ ಉದ್ಯಮ ಬೆಳೆದದ್ದಕ್ಕೆ ಕಾರಣವಿದೆ. ವಸಾಹತು ಕಾಲದಲ್ಲಿ ಬುಪ್ಯೊಂಗ್ ಮಾರುಕಟ್ಟೆಯ ಸುತ್ತ ಜಪಾನೀಯರು ಕಾಮಾಬೊಕೊ ಎಂಬ ಅರೆದ ಮೀನಿನ ತಿನಿಸಿನ ಅಂಗಡಿಗಳನ್ನು ನಡೆಸುತ್ತಿದ್ದರು. 1945ರ ನಂತರ ಆ ವಿದ್ಯೆ ಕಲಿತ ಕೊರಿಯನ್ನರು ಸ್ವಂತ ಕಾರ್ಖಾನೆ ಆರಂಭಿಸಿದರು. ಯೊಂಗ್ದೊ ದ್ವೀಪದಲ್ಲಿ 1953ರಲ್ಲಿ ಆರಂಭವಾದ ಸಂಜಿನ್ ಒಮುಕ್ ಇಂದಿಗೂ ನಡೆಯುತ್ತಿದೆ. ಯುದ್ಧದ ನಿರಾಶ್ರಿತರಿಂದ ಬೂಸಾನ್ ತುಂಬಿದ್ದ ವರ್ಷಗಳವು, ಬಂದರಿನಲ್ಲಿ ಅಗ್ಗವಾಗಿ ಸಿಗುತ್ತಿದ್ದ ಮೀನೇ ಹೊಟ್ಟೆಗೆ ಆಧಾರ.

ಬಯಲುಸೀಮೆ

ಮೊದಲು ನಾನು ಹೇಳಿದ್ದನ್ನು ಬದಿಗಿಡುತ್ತೇನೆ, ಮೂಲ ಹುಡುಕಿದ್ದಕ್ಕೇ ಇಷ್ಟೆಲ್ಲ ತಿಳಿಯಿತು. ಆದರೆ ಇದನ್ನೆಲ್ಲ ಓದಿದ ಮೇಲೆ ಇನ್ನೊಂದು ಪ್ರಶ್ನೆ. ಹಾಗಾದರೆ ಕಡಲಪಾಚಿಯಲ್ಲಿ ಅನ್ನ ಸುತ್ತಿದ ಕಿಂಬಾಪ್, ಕರಿದ ತಿನಿಸು ತ್ವಿಗಿಮ್, ಸಿಹಿ ಹೂರಣದ ರೊಟ್ಟಿ ಹೊತ್ತೊಕ್, ತೊಕ್‌ಬೊಕ್ಕಿ ಎಲ್ಲವೂ ಜಪಾನಿನವೇ ಆದವಲ್ಲ? ಕೊರಿಯಾದ ಬೀದಿಯಲ್ಲಿ ಕೊರಿಯಾದ್ದು ಏನು ಉಳಿಯಿತು?

ಇತಿಹಾಸಾಸಕ್ತೆ

ಇಲ್ಲ, ಬಯಲುಸೀಮೆಯವರೇ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹೊತ್ತೊಕ್ ಬಂದದ್ದು ಚೀನಾದಿಂದ. 1882ರ ನಂತರ ಕೊರಿಯಾಕ್ಕೆ ಬಂದು ನೆಲೆಸಿದ ಚೀನೀ ವ್ಯಾಪಾರಿಗಳು ಅದನ್ನು ತಂದರು. ತೊಕ್‌ಬೊಕ್ಕಿಯ ಅಕ್ಕಿ ಕಡುಬು ಕೊರಿಯಾದ ಹಳೆಯ ಆಹಾರ, ಅರಮನೆಯಲ್ಲಿ ಅದನ್ನು ಸೋಯಾ ಸಾಸಿನಲ್ಲಿ ಮಾಡುತ್ತಿದ್ದರು. ಇಂದಿನ ಕೆಂಪು ರೂಪ ರಾಜಧಾನಿ ಸಿಯೋಲ್ ನಗರದ ಸಿಂದಾಂಗ್ ಬಡಾವಣೆಯಲ್ಲಿ 1953ರ ಸುಮಾರಿಗೆ ಮಾ ಬೊಕ್ ರಿಮ್ ಎಂಬಾಕೆಯ ಕೈಯಲ್ಲಿ ಹುಟ್ಟಿತೆಂದು ಪ್ರಸಿದ್ಧ. ತ್ವಿಗಿಮ್‌ನ ಇಂದಿನ ಬೀದಿ ರೂಪಕ್ಕೆ ಜಪಾನಿನ ತೆಂಪುರಾದ ಪ್ರಭಾವವಿದೆ, ಆ ತೆಂಪುರಾವೋ 16ನೆಯ ಶತಮಾನದ ಪೋರ್ಚುಗೀಸರ ಕರಿಯುವ ಕ್ರಮದಿಂದ ಬೆಳೆದದ್ದು.

ಕಿಂಬಾಪ್ ವಿಷಯ ಮಾತ್ರ ನಿಜಕ್ಕೂ ಕಗ್ಗಂಟು, ಅದರ ಬಗ್ಗೆ ನಿಂತು ಯೋಚಿಸಬೇಕು. ಕೊರಿಯನ್ನರು 'ಕಿಮ್' ಎಂಬ ಕಡಲಪಾಚಿಯ ಹಾಳೆಯನ್ನು ಬಹಳ ಹಿಂದಿನಿಂದ ತಿನ್ನುತ್ತಿದ್ದರು. ದಕ್ಷಿಣದ ಗ್ವಾಂಗ್‌ಯಾಂಗ್ ಕಡಲತೀರದಲ್ಲಿ 17ನೆಯ ಶತಮಾನದಲ್ಲೇ ಅದರ ಕೃಷಿ ನಡೆದ ದಾಖಲೆಯಿದೆ. ವರ್ಷದ ಮೊದಲ ಹುಣ್ಣಿಮೆಯಂದು ಅನ್ನವನ್ನು ಸೊಪ್ಪಿನ ಎಲೆಯಲ್ಲೋ ಕಿಮ್‌ನಲ್ಲೋ ಸುತ್ತಿ ತಿಂದರೆ ಭಾಗ್ಯ ಎಂಬ 'ಬೊಕ್ಸಮ್' ಆಚರಣೆ 19ನೆಯ ಶತಮಾನದ ಗ್ರಂಥಗಳಲ್ಲಿ ಬಂದಿದೆ. ಹೀಗಾಗಿ ಕಿಂಬಾಪ್ ತಮ್ಮದೇ ಎನ್ನುವವರಿಗೆ ಆಧಾರವಿಲ್ಲದಿಲ್ಲ. ಆದರೆ ಬಿದಿರಿನ ಚಾಪೆಯ ಮೇಲೆ ಹಾಳೆ ಹಾಸಿ, ಅನ್ನ ಹರಡಿ, ನಡುವೆ ಹಲವು ಪದಾರ್ಥಗಳ ಸಾಲಿಟ್ಟು, ಬಿಗಿಯಾಗಿ ಸುತ್ತಿ ಬಿಲ್ಲೆಗಳಾಗಿ ಕತ್ತರಿಸುವ ಕ್ರಮ ಜಪಾನಿನ ನೊರಿಮಾಕಿಯದು, ಮತ್ತು ಕಿಂಬಾಪ್‌ನ ನಡುವೆ ತಪ್ಪದೆ ಇರುವ ಹಳದಿ ದಾನ್‌ಮುಜಿ ಅದೇ ತಾಕುವಾನ್. ಜಪಾನಿನಲ್ಲಿ ಅನ್ನಕ್ಕೆ ವಿನೆಗರ್ ಬೆರೆಸುತ್ತಾರೆ. ಕೊರಿಯಾದಲ್ಲಿ ಎಳ್ಳೆಣ್ಣೆ, ಉಪ್ಪು. ಹೊಸ ಕ್ರಮವನ್ನು ಹಳೆಯ ರುಚಿ ತನ್ನದಾಗಿಸಿಕೊಂಡಿದೆ ಎಂದು ನಾನು ಓದಿಕೊಂಡಿದ್ದೇನೆ. ಬುಂಗೊಪ್ಪಾಂಗ್‌ಗೆ ಹೇಳಬಹುದಾದ ನೇರ ಉತ್ತರವನ್ನು ಕಿಂಬಾಪ್‌ಗೆ ಹೇಳಲಾಗದು.

ನುಡಿಬೇರು

ಇನ್ನೊಂದು ಸಂಗತಿ ಇಲ್ಲಿ ಸಲ್ಲುತ್ತದೆ. ಮೀನಿನ ಹಾಳೆಯ ಪರಿಚಯ ವಸಾಹತು ಕಾಲಕ್ಕಿಂತಲೂ ಹಿಂದಿನದು. 18ನೆಯ ಶತಮಾನದ 'ಸೊಮುನ್ ಸಾಸೊಲ್' ಎಂಬ ಕೊರಿಯಾದ ಗ್ರಂಥದಲ್ಲಿ 'ಕಾಮಾಬೊಗೊತ್' ಎಂಬ ಮೀನಿನ ಅಡುಗೆ ಬರುತ್ತದೆ. ಹೆಸರು ಸ್ಪಷ್ಟವಾಗಿ ಕಾಮಾಬೊಕೊ. ಆದರೆ ವಿಧಾನ ಬೇರೆ, ಅರೆದ ಮೀನಲ್ಲ. ಮೀನಿನ ತೆಳು ಹೋಳುಗಳ ನಡುವೆ ಮಾಂಸ, ಅಣಬೆ ಇತ್ಯಾದಿಗಳ ಪದರವಿಟ್ಟು ಸುತ್ತಿ ಬೇಯಿಸುವುದು. 1678ರಿಂದ ಬೂಸಾನಿನ ಚೋರ್ಯಾಂಗ್‌ನಲ್ಲಿ ಜಪಾನೀ ವ್ಯಾಪಾರಿಗಳಿಗಾಗಿ ಒಂದು ವಸತಿ ಆವರಣವಿತ್ತು. ಬೂಸಾನಿನಲ್ಲಿ ಎರಡೂ ದೇಶದವರು ಅಕ್ಕಪಕ್ಕ ವ್ಯಾಪಾರ ಮಾಡಿಕೊಂಡಿದ್ದ ಕಾಲ ಅದು. ಆ ಹೊತ್ತಿನಲ್ಲಿ ಕೊರಿಯಾದ ಅಡುಗೆಯವರು ನೆರೆಯ ಹೆಸರೊಂದನ್ನು ತೆಗೆದುಕೊಂಡು ತಮಗೆ ತೋಚಿದಂತೆ ಅಡುಗೆ ಮಾಡಿದ್ದಾರೆ.

ಒಸಾಕಾ ಕನ್ನಡಿಗ

ಹರಿವು ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನು ನಾನೂ ಹೇಳಲೇಬೇಕು. ಊಲ್ಸಾನ್ ಮೇಡಂ ಅವರ ನೆರೆಮನೆಯವರು ಫುಕುವೊಕಾದವರಂತೆ. ಆ ಊರಿನ ಹೆಮ್ಮೆಯ ಆಹಾರ ಮೆಂತಾಯಿಕೊ, ಖಾರದಲ್ಲಿ ನೆನೆಸಿದ ಪೊಲಾಕ್ ಮೀನಿನ ಮೊಟ್ಟೆ. ಅದು ಕೊರಿಯಾದ ಮ್ಯೊಂಗ್ನಾನ್ ಜೊತ್. ಬೂಸಾನಿನಲ್ಲಿ ಹುಟ್ಟಿ ಬೆಳೆದ ಕವಾಹಾರಾ ತೊಷಿಯೊ ಎಂಬವರು ಯುದ್ಧದ ನಂತರ ಫುಕುವೊಕಾಕ್ಕೆ ಬಂದು, ಬಾಲ್ಯದಲ್ಲಿ ತಿಂದ ಆ ರುಚಿಯನ್ನು ನೆನೆದು 1949ರ ಜನವರಿಯಲ್ಲಿ ನಾಕಾಸು ಬೀದಿಯ ತಮ್ಮ ಅಂಗಡಿ ಫುಕುಯಾದಲ್ಲಿ ಮಾರತೊಡಗಿದರು. ಹೆಸರಿನ 'ಮೆಂತಾಯಿ' ಕೂಡ ಆ ಮೀನಿನ ಕೊರಿಯನ್ ಹೆಸರಾದ 'ಮ್ಯೊಂಗ್ತೆ'ಯಿಂದಲೇ ಬಂದದ್ದು. ಅವರು ಅದರ ಮೇಲೆ ಹಕ್ಕು ಕಟ್ಟಿಕೊಳ್ಳದೆ, ಕೇಳಿ ಬಂದವರಿಗೆಲ್ಲ ವಿಧಾನ ಹೇಳಿಕೊಟ್ಟರು. ಹೀಗಾಗಿ ಅದು ಇಡೀ ಊರಿನ ಉದ್ಯಮವಾಯಿತು. ಉತ್ತರದ ಮೊರಿಯೊಕಾ ನಗರದ ತಣ್ಣನೆಯ ನೂಡಲ್, ರೇಯಿಮೆನ್, 1954ರಲ್ಲಿ ಹಂಹುಂಗ್ ಊರಿನಿಂದ ಬಂದ ಕೊರಿಯನ್ನರೊಬ್ಬರು ಅಲ್ಲಿ ಅಂಗಡಿ ತೆರೆದು ಆರಂಭಿಸಿದ್ದು. ನಾನಿರುವ ಒಸಾಕಾದ ತ್ಸುರುಹಾಷಿಯಲ್ಲಿ ಕೊರಿಯನ್ ಮೂಲದವರ ದೊಡ್ಡ ಬಡಾವಣೆಯಿದೆ, ಜಪಾನ್ ತನ್ನದೆಂದು ತಿನ್ನುವ ಸುಟ್ಟ ಮಾಂಸದ ತಿನಿಸು ಯಾಕಿನಿಕು ಬೆಳೆದದ್ದು ಅಂತಹ ಬೀದಿಗಳಲ್ಲೇ.

ಜಪಾನ್ ತಾನು ಪಡೆದದ್ದನ್ನು ಹೇಳುವಾಗಲೂ ಸಲೀಸಾಗಿ ಹೇಳಿಲ್ಲ. ಕೊರಿಯಾದ ಹುಳಿಸಿದ ತರಕಾರಿ ಉಪ್ಪಿನಕಾಯಿಯಾದ ಕಿಮ್ಚಿಯ ಅಂತರರಾಷ್ಟ್ರೀಯ ಮಾನದಂಡದ ವಿಷಯದಲ್ಲಿ ಎರಡೂ ದೇಶಗಳ ನಡುವೆ ವರ್ಷಗಟ್ಟಲೆ ಎಳೆದಾಟ ನಡೆದು, 2001ರಲ್ಲಿ ಕೋಡೆಕ್ಸ್ ಆಹಾರ ಸಂಹಿತೆಯಲ್ಲಿ 'ಕಿಮ್ಚಿ' ಎಂಬ ಹೆಸರಿನಲ್ಲೇ ಅದು ಅಂಗೀಕಾರವಾಯಿತು. ಹಾಗಾಗಿ ಮೂಲದ ಪ್ರಶ್ನೆ ಕೇಳುವ ಹಕ್ಕು ಎರಡೂ ಕಡೆಯವರಿಗೂ ಇದೆ, ಉತ್ತರಿಸುವ ಹೊಣೆಯೂ ಎರಡೂ ಕಡೆಯವರದು.

ಇತಿಹಾಸಾಸಕ್ತೆ

ಒಸಾಕಾ ಕನ್ನಡಿಗರ ಈ ಬರಹಕ್ಕೆ ನನ್ನ ಪೂರ್ಣ ಸಮ್ಮತಿ. ಕಿಮ್ಚಿಯ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಕೊರಿಯಾದ ಅಡುಗೆಯ ಕೆಂಪು ಬಣ್ಣಕ್ಕೆ ಕಾರಣವಾದ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಯಿ ಸು ಗ್ವಾಂಗ್ ಅವರ 1614ರ 'ಜಿಬೊಂಗ್ ಯುಸೊಲ್' ಗ್ರಂಥ ಅದು ಜಪಾನಿನಿಂದ ಬಂತೆಂದು ಹೇಳಿ, 'ಜಪಾನಿನ ಸಾಸಿವೆ' ಎಂಬರ್ಥದ ಹೆಸರಿನಿಂದ ಅದನ್ನು ಕರೆಯುತ್ತದೆ. ಬೇರೆ ದಾರಿಗಳಿಂದಲೂ ಬಂದಿರಬಹುದೆಂದು ವಾದಿಸುವ ಕೊರಿಯನ್ ವಿದ್ವಾಂಸರಿದ್ದಾರೆ. ಹಾಗೆಂದು ಗೊಚುಜಾಂಗ್ ಎಂಬ ಹುಳಿಸಿದ ಮೆಣಸಿನ ಚಟ್ನಿಯನ್ನು ಯಾರೂ ಜಪಾನಿನದೆನ್ನುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಪೋರ್ಚುಗೀಸರದೆನ್ನುತ್ತೇವೆಯೇ?

ಕಾರವಾರದ ಕಡಲು

ಅಕ್ಕ, ಚೀಟಿ ಬರೆದಾಯಿತೇ? ಶನಿವಾರ ಯಾವಾಗ?

ಊಲ್ಸಾನ್ ವಾಸಿ

ಶನಿವಾರ ನಿನ್ನೆ ಮುಗಿಯಿತು. ನಿಮ್ಮೆಲ್ಲರ ಮಾತುಗಳನ್ನು ಇಟ್ಟುಕೊಂಡು ಕರಡೊಂದನ್ನು ಸಿದ್ಧಮಾಡಿ ಗುರುವಾರ ಇಬ್ಬರಿಗೂ ಓದಿ ಹೇಳಿದೆ. ನನ್ನ ಕೊರಿಯನ್ ಅಷ್ಟು ಚೆನ್ನಾಗಿಲ್ಲದ್ದರಿಂದ ಶಿಕ್ಷಕಿಯೇ ಪೆನ್ ತೆಗೆದುಕೊಂಡು ವಾಕ್ಯಗಳನ್ನು ತಿದ್ದಿದರು. ಟೋಕಿಯೊ, 1909, ಇಮಾಗಾವಾ ಸೇತುವೆ ಯಾವುದನ್ನೂ ಅವರು ಹೊಡೆದುಹಾಕಲಿಲ್ಲ. "1930ರ ದಶಕದಲ್ಲಿ ಕೊರಿಯಾಕ್ಕೆ ಬಂದಿತು" ಎಂದಿದ್ದ ಕಡೆ "ಜಪಾನಿನ ಆಳ್ವಿಕೆಯ ಕಾಲದಲ್ಲಿ" ಎಂಬುದನ್ನು ಮಾತ್ರ ಸೇರಿಸಿದರು. ಫುಕುವೊಕಾದವರು ಅದನ್ನು ಓದಿ ತಲೆಯಾಡಿಸಿ, ಯುದ್ಧದ ನಂತರದ ಹಸಿವಿನ ಸಾಲನ್ನು ಚೀಟಿಯ ಮೇಲ್ಗಡೆಗೆ ತರಲು ಹೇಳಿದರು. ತಮ್ಮ ಅಜ್ಜಿಯೂ ಆ ವರ್ಷಗಳಲ್ಲಿ ಹಸಿವು ಕಂಡಿದ್ದರಂತೆ.

ಚೀಟಿಯ ಕನ್ನಡ ರೂಪ ಇದು: "ಬುಂಗೊಪ್ಪಾಂಗ್. ಗೋಧಿ ಹಿಟ್ಟು, ಪಾತ್ ಕಾಳಿನ ಹೂರಣ. ಕೊರಿಯಾ ಯುದ್ಧದ ನಂತರದ ಹಸಿವಿನ ವರ್ಷಗಳಲ್ಲಿ, ನೆರವಿನ ಹಿಟ್ಟಿನಿಂದ, ಬೀದಿಯ ಗಾಡಿಗಳಲ್ಲಿ 'ನಮ್ಮದು' ಆಯಿತು. ಟೋಕಿಯೊದಲ್ಲಿ 1909ರ ಸುಮಾರಿಗೆ ರೂಪುಗೊಂಡ ತಾಯಾಕಿ 1930ರ ದಶಕದಲ್ಲಿ, ಜಪಾನಿನ ಆಳ್ವಿಕೆಯ ಕಾಲದಲ್ಲಿ, ಇಲ್ಲಿಗೆ ಬಂದಿತು; ಅದಕ್ಕೂ ಮೊದಲು ಎದೊದ ಇಮಾಗಾವಾ ಸೇತುವೆಯ ಬಳಿ ದುಂಡಗಿತ್ತು. ಹೆಸರಿನಲ್ಲಿ ಮೀನಿದೆ, ಒಳಗೆ ಮೀನಿಲ್ಲ."

ಕೊನೆಯ ಸಾಲು ಶಿಕ್ಷಕಿಯದು. ಬುಂಗೊಪ್ಪಾಂಗ್‌ನಲ್ಲಿ ಬುಂಗೊ ಇಲ್ಲ ಎಂಬುದು ಕೊರಿಯಾದ ಗಾದೆಮಾತಂತೆ. ಸಸ್ಯಾಹಾರಿಯಾದ ನನಗಾಗಿ ಅದನ್ನು ಬರೆದೆ ಎಂದರು. ಅಚ್ಚು ಶಿಕ್ಷಕಿಯದು, ಹಿಟ್ಟು ಕಲಸಿದ್ದು ಫುಕುವೊಕಾದವರು, ಹೂರಣ ಕುದಿಸಿ ಮಗುಚಿದ್ದು ನಾನು. ಹೋಳಿಗೆಯ ಹೂರಣದ ಕೈ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು. ಮೊದಲ ತಂಡದ ಮೀನುಗಳ ಬಾಲ ಅಚ್ಚಿಗೇ ಅಂಟಿಕೊಂಡಿತು, ಎರಡನೆಯದಕ್ಕೆ ಎಣ್ಣೆ ಸವರಿದ ಮೇಲೆ ಚೆನ್ನಾಗಿ ಎದ್ದವು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಮುಗಿದುಹೋಯಿತು.